ಲೂಪಿನಲ್ಲಿ ನಿಂತ ಗೂಡ್ಸ್ ಗಾಡಿ

“ಈ ಗಾಡಿ ಯಾವುದಮ್ಮ?” ಎಂದು ಮಾವ ಊಟದ ಮೇಜಿನ ಮೇಲೆ ಹರಡಿದ್ದ ಹಾಳೆಗೆ ಬೆರಳಿಟ್ಟರು. “ಹೊರಟ ಕ್ಷಣಕ್ಕೇ ಮುಟ್ಟಿಬಿಟ್ಟಿದೆಯಲ್ಲ.”

ಸೊಸೆ ತಲೆಯೆತ್ತಿದಳು. ಹಾಳೆಯಲ್ಲಿದ್ದದ್ದು ಸಾಪೇಕ್ಷತಾ ಸಿದ್ಧಾಂತದ ಒಂದು ಲೆಕ್ಕ. ಅದರ ನಡುವೆ ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಎಳೆದ ಒಂದು ಗೆರೆ.

“ಅದು ಗಾಡಿ ಅಲ್ಲ ಮಾವ. ಪ್ಲಾಟ್‌ಫಾರ್ಮ್ ಮೇಲೆ ಸುಮ್ನೆ ನಿಂತಿರೋ ಮನುಷ್ಯ.”

“ನಿಂತಿರೋನ ಗೆರೆ ಮಲಗಿರಬೇಕು. ಗೆರೆ ಎದ್ದು ನಿಂತಿದೆ ಅಂದ್ರೆ ಅವನು ಓಡ್ತಿದಾನೆ. ಅದೂ ಎಂಥಾ ಓಟ, ಒಂದು ನಿಮಿಷಾನೂ ಹಿಡಿದಿಲ್ಲ.”

ಮಾವನದು ತಪ್ಪಲ್ಲ. ಅವರು ರೈಲ್ವೆಯಲ್ಲಿ ಮೂವತ್ತನಾಲ್ಕು ವರ್ಷ ಕಂಟ್ರೋಲರ್ ಆಗಿದ್ದವರು. ಕಂಟ್ರೋಲರ್ ಎಂದರೆ ಗಾಡಿ ಓಡಿಸುವವನಲ್ಲ, ಹಸಿರು ಬಾವುಟ ಬೀಸುವವನೂ ಅಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ಕಿವಿಗೆ ಫೋನು ಸಿಕ್ಕಿಸಿಕೊಂಡು, ಮುಂದೆ ಮಂಚದಗಲದ ಹಾಳೆ ಹಾಸಿಕೊಂಡು ಕೂರುವವನು. ಹಾಳೆಯ ಎಡಗಡೆ ಮೇಲಿಂದ ಕೆಳಕ್ಕೆ ಸ್ಟೇಷನ್ನುಗಳು, ಅಡ್ಡಕ್ಕೆ ಗಂಟೆ ನಿಮಿಷ. ಪ್ರತಿ ಗಾಡಿಗೂ ಒಂದು ಓರೆ ಗೆರೆ. ಗೆರೆ ಕಡಿದಾಗಿದ್ದರೆ ಎಕ್ಸ್‌ಪ್ರೆಸ್, ವಾಲಿದ್ದರೆ ಗೂಡ್ಸ್, ಮಲಗಿದ್ದರೆ ನಿಂತುಬಿಟ್ಟಿದೆ ಎಂದು ಅರ್ಥ. ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಪೆನ್ಸಿಲಿನಲ್ಲಿ ಅಂದಾಜು ಗೆರೆ ಎಳೆಯುವುದು, ಗಾಡಿ ದಾಟಿತು ಅಂತ ಸ್ಟೇಷನ್ ಮಾಸ್ಟರ್ ಫೋನು ಮಾಡಿದ ಮೇಲೆ ಅದನ್ನು ಶಾಯಿ ಮಾಡುವುದು, ಇದೇ ಕೆಲಸ. ಸಾವಿರಾರು ಗಾಡಿ ಓಡಿಸಿದ ಈ ಮಹಾನುಭಾವ ಡ್ಯೂಟಿಯಲ್ಲಿದ್ದಾಗ ಒಂದು ಗಾಡಿಯನ್ನೂ ಕಣ್ಣಾರೆ ಕಂಡಿರಲಿಲ್ಲ.

ಗಾಡಿ ಎಲ್ಲಾದರೂ ನಿಂತು ತಡವಾದರೆ, ಆ ಮಲಗಿದ ಗೆರೆಯ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಕಾರಣ ಬರೆಯಬೇಕು. ಎಂಜಿನ್ ಕೆಟ್ಟಿತು, ಸಿಗ್ನಲ್ ಬೀಳಲಿಲ್ಲ, ಹಳಿಗೆ ದನ ಬಂತು. ಯಾರ ತಪ್ಪು ಅಂತ ಅಲ್ಲೇ ಬರೆದುಬಿಡಬೇಕು. “ಮೂವತ್ತನಾಲ್ಕು ವರ್ಷದಲ್ಲಿ ನನ್ನ ಹಾಳೆ ಮೇಲೆ ‘ಕಂಟ್ರೋಲ್ ತಪ್ಪು’ ಅಂತ ಒಂದೇ ಒಂದು ಇಲ್ಲ” ಎಂಬುದು ಮಾವನ ಹೆಮ್ಮೆ. ಮನೆಗೆ ಯಾರೇ ಬರಲಿ, ಎರಡನೇ ಕಾಫಿಯ ಹೊತ್ತಿಗೆ ಈ ಮಾತು ಬಂದೇ ತೀರಬೇಕು. ಅತ್ತೆಯಂತೂ ಲೋಟ ತೊಳೆಯುತ್ತಲೇ ಅವರ ಜೊತೆಜೊತೆಗೆ ತುಟಿ ಆಡಿಸುತ್ತಿದ್ದರು.

ಇನ್ನು ಸೊಸೆಯ ಸಮಾಚಾರ. ಭೌತಶಾಸ್ತ್ರದ ಎಂಎಸ್ಸಿಗೆ ಸೇರಿ ಹನ್ನೊಂದು ವರ್ಷವಾಗಿತ್ತು. ಎರಡು ವರ್ಷದ ಓದು ಅದು. ಮೊದಲ ವರ್ಷ ಮುಗಿಯುತ್ತಲೇ ಮದುವೆ, ಆಮೇಲೆ ಗಂಡನಿಗೆ ವರ್ಗ, ಆಮೇಲೆ ಪುಟ್ಟಿ ಹುಟ್ಟಿದಳು, ಆಮೇಲೆ ಅತ್ತೆಯ ಮಂಡಿ ಆಪರೇಷನ್. ಒಂದೊಂದಾಗಿ ಬರವಣಿಗೆಯ ಪೇಪರುಗಳನ್ನೆಲ್ಲ ಮುಗಿಸಿ, ಉಳಿದದ್ದು ಮೌಖಿಕ ಪರೀಕ್ಷೆ ಒಂದೇ. ವಿದ್ಯಾರ್ಥಿಗಳು ಅದನ್ನು ಹಲಗೆ ಪರೀಕ್ಷೆ ಅನ್ನುತ್ತಿದ್ದರು. ಕಪ್ಪು ಹಲಗೆಯ ಮುಂದೆ ಒಂದು ಗಂಟೆ, ಇಬ್ಬರು ಪರೀಕ್ಷಕರು, ಸಾಪೇಕ್ಷತೆಯಲ್ಲಿ ಒಂದು ಲೆಕ್ಕ, ಕ್ವಾಂಟಮ್ಮಿನಲ್ಲಿ ಒಂದು.

ಆ ಪರೀಕ್ಷೆಯಲ್ಲಿ ಅವಳು ಎರಡು ಸಲ ಮುಗ್ಗರಿಸಿದ್ದಳು. ಮೊದಲನೇ ಸಲ ಕೆಡವಿದ್ದು ‘ಹೌದಾ’ ಮೇಷ್ಟ್ರು. ವಿಭಾಗದ ಹಿರಿಯ ಪ್ರೊಫೆಸರ್ ಅವರು. ಏನು ಹೇಳಿದರೂ ಕನ್ನಡಕದ ಮೇಲಿಂದ ನೋಡಿ “ಹೌದಾ?” ಎನ್ನುವುದೊಂದೇ ಅವರ ಆಯುಧ. ಸ್ಟೇಷನ್ನಿನ ಪಕ್ಕದ ಹಳಿಯಾದ ಲೂಪನ್ನು ಹಾದುಹೋಗುವ ಉದ್ದನೆಯ ಗಾಡಿಯ ಲೆಕ್ಕ ಕೊಟ್ಟು, “ಗಾಡಿ ಲೂಪಿನಲ್ಲಿ ಹಿಡಿಸಿತೋ ಇಲ್ಲವೋ?” ಎಂದು ಕೇಳಿದ್ದರು. “ಹಿಡಿಸಿತು ಸಾರ್” ಅಂದಳು. “ಹೌದಾ?” ಅಂದರು. “ಇಲ್ಲ ಸಾರ್” ಅಂದಳು. “ಹೌದಾ?” ಅಂದರು. “ಹಿಡಿಸಿತು ಸಾರ್.” ಒಂದು ನಿಮಿಷದಲ್ಲಿ ಮೂರು ಉತ್ತರ. ಕಾಗದದ ಮೇಲೆ ಯಾವ ಲೆಕ್ಕವನ್ನಾದರೂ ಮಾಡಿ ಬಿಸಾಕುವ ಹೆಂಗಸಿಗೆ ಎದುರಿಗೆ ಒಬ್ಬರು ನಿಂತು ಪ್ರಶ್ನೆ ಕೇಳಿದರೆ ನಾಲಿಗೆಗೆ ಬೀಗ ಬೀಳುತ್ತಿತ್ತು.

ಎರಡನೇ ಸಲ ಹೋದ ವರ್ಷ. ಲೆಕ್ಕ ಚೆನ್ನಾಗಿಯೇ ಸಾಗಿತ್ತು. ಅರ್ಧಕ್ಕೆ ಜವಾನ ಬಾಗಿಲಿಗೆ ಬಂದು, “ಮನೆಯಿಂದ ಫೋನು, ತಕ್ಷಣ ಬರಬೇಕಂತೆ” ಎಂದ. ಪುಟ್ಟಿ ಜೋಕಾಲಿಯಿಂದ ಬಿದ್ದಿದ್ದಳು. ಚಾಕ್‌ಪೀಸು ಕೈಯಲ್ಲೇ ಹಿಡಿದುಕೊಂಡು ಓಡಿ ಬಂದು ನೋಡಿದರೆ ಗದ್ದಕ್ಕೆ ಎರಡು ಹೊಲಿಗೆ, ಕೈಯಲ್ಲಿ ಐಸ್‌ಕ್ರೀಮು, ಮುಖದಲ್ಲಿ ನಗು. ಫೋನು ಮಾಡಿದ್ದು ಮಾವ. ಮೂವತ್ತನಾಲ್ಕು ವರ್ಷ ತಣ್ಣಗೆ ಫೋನಿನಲ್ಲಿ ಮಾತಾಡಿದವರು ಮೊಮ್ಮಗಳ ಗದ್ದದ ರಕ್ತ ನೋಡಿ ಗಾಬರಿ ಬಿದ್ದಿದ್ದರು. ಪರೀಕ್ಷೆಯ ಮಧ್ಯೆ ಎದ್ದುಹೋದರೆ ಗೈರುಹಾಜರಿ ಎಂಬುದು ನಿಯಮ. ಆ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಹೊಟ್ಟೆಯೊಳಗೆ ಮಾತ್ರ ಉರಿ ಆರಿರಲಿಲ್ಲ. ಅವಳಿಗೆ ಮಾವನ ಮೇಲೆ ಸಿಟ್ಟಿತ್ತು, ಹೇಳಿಕೊಳ್ಳಲಾಗದ್ದಕ್ಕೆ ತನ್ನ ಮೇಲೂ ಇತ್ತು.

ಈಗ ವಿಶ್ವವಿದ್ಯಾಲಯ ಹಳೆಯ ಪಠ್ಯಕ್ರಮವನ್ನೇ ಮುಚ್ಚುತ್ತಿತ್ತು. ಬರುವ ತಿಂಗಳು ಹದಿನೆಂಟನೇ ತಾರೀಖು ಕೊನೆಯ ಹಲಗೆ ಪರೀಕ್ಷೆ. ಅದು ಹೋದರೆ ಪಾಸಾದ ಪೇಪರುಗಳೂ ರದ್ದು, ಹನ್ನೊಂದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

“ಪುಸ್ತಕದಲ್ಲಿ ಕಾಲ ಮೇಲಕ್ಕೆ, ದೂರ ಅಡ್ಡಕ್ಕೆ ಮಾವ,” ಎಂದಳು ಆ ದಿನ. “ನಿಮ್ಮ ಹಾಳೆಗೆ ಉಲ್ಟಾ.”

“ಯಾವನೋ ಹಾಳೆ ತಿರುಗಿಸಿ ಹಿಡ್ಕೊಂಡು ಬರೆದಿದಾನೆ” ಎಂದು ಮಾವ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. “ಸರಿಯಾಗಿ ಬರಿ. ನೋಡೋಣ, ಏನು ಲೆಕ್ಕ ಅದು?”

ಅವಳಿಗೆ ಬೇಡವಾಗಿತ್ತು. ಆದರೆ ಬೆಳಗಿನ ಹನ್ನೊಂದು ಗಂಟೆ, ಪುಟ್ಟಿ ಶಾಲೆಗೆ ಹೋಗಿದ್ದಳು, ಗಂಡ ಕಚೇರಿಗೆ ಹೋಗಿದ್ದ, ಮುದುಕರು ಕನ್ನಡಕ ಬೇರೆ ಹಾಕಿಕೊಂಡಿದ್ದರು. ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ಹಾಳೆ ತಿರುಗಿಸಿ, ಮಾವನ ಕ್ರಮದಲ್ಲೇ ಗೆರೆ ಹಾಕಿದಳು. ಅವಳನ್ನು ಮೊದಲ ಸಲ ಕೆಡವಿದ ಅದೇ ಲೆಕ್ಕ.

“ಎಂಟುನೂರು ಮೀಟರಿನ ಗಾಡಿ ಮಾವ. ಲೂಪು ಆರುನೂರ ನಲವತ್ತು ಮೀಟರ್.”

“ಹಿಡಿಸಲ್ಲ” ಎಂದರು ಮಾವ ಥಟ್ಟನೆ. ಲೂಪ್ ಎಂದರೆ ಸ್ಟೇಷನ್ನಿನಲ್ಲಿ ಮುಖ್ಯ ಹಳಿಯ ಪಕ್ಕಕ್ಕಿರುವ ಇನ್ನೊಂದು ಹಳಿ. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಗೂಡ್ಸ್ ಗಾಡಿಯನ್ನು ಅದರೊಳಗೆ ನಿಲ್ಲಿಸುತ್ತಾರೆ. ಲೂಪಿಗಿಂತ ಉದ್ದದ ಗಾಡಿ ಬಂತೆಂದರೆ ಕಂಟ್ರೋಲರಿಗೆ ತಲೆನೋವು. “ಬಾಲ ಹೊರಗೆ ಉಳಿಯುತ್ತೆ. ಅಂಥ ಗಾಡೀನ ಹಿಂದಿನ ಸ್ಟೇಷನ್ನಲ್ಲೇ ತಡೀಬೇಕು.”

“ಇದು ನಿಲ್ಲಲ್ಲ. ಬೆಳಕಿನ ವೇಗದ ಹತ್ತರಲ್ಲಿ ಆರು ಪಾಲು ವೇಗದಲ್ಲಿ ಹಾದುಹೋಗುತ್ತೆ. ಅಷ್ಟು ವೇಗದಲ್ಲಿ ಸ್ಟೇಷನ್ ಮಾಸ್ಟರ್ ಅಳೆದ್ರೆ ಗಾಡಿ ಕುಗ್ಗಿರುತ್ತೆ. ಎಂಟುನೂರು ಹೋಗಿ ಆರುನೂರ ನಲವತ್ತು.”

“ಹಾಗಾದ್ರೆ ಹಿಡಿಸ್ತು. ಕೂದಲೆಳೆ ಜಾಗ ಬಿಡದೆ.”

“ಆದ್ರೆ ಡ್ರೈವರ್ ಲೆಕ್ಕದಲ್ಲಿ ಗಾಡಿ ಎಂಟುನೂರೇ. ಓಡಿ ಬರ್ತಿರೋದು ಲೂಪು, ಅದೇ ಕುಗ್ಗಿದೆ. ಐನೂರ ಹನ್ನೆರಡು.”

ಮಾವ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು.

“ಅಂದ್ರೆ ಮಾಸ್ಟರ್ ಹಿಡಿಸ್ತು ಅಂತಾನೆ, ಡ್ರೈವರ್ ಹಿಡಿಸಲಿಲ್ಲ ಅಂತಾನೆ.”

“ಹೌದು. ಈಗ ಹೇಳಿ, ಯಾರು ಸರಿ?” ಎಂದಳು ಸೊಸೆ. ತನ್ನನ್ನು ಹುರಿದು ತಿಂದ ಪ್ರಶ್ನೆಯನ್ನು ಬೇರೆಯವರಿಗೆ ದಾಟಿಸುವುದರಲ್ಲಿ ಒಂದು ಖುಷಿಯಿತ್ತು.

ಮಾವ ತಲೆ ಕೆರೆದುಕೊಳ್ಳುತ್ತಾರೆ, ಇದೆಲ್ಲ ಬುರುಡೆ ಎಂದು ಎದ್ದುಹೋಗುತ್ತಾರೆ ಎಂದುಕೊಂಡಿದ್ದಳು. ಅವರು ಹಾಗೆ ಮಾಡಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಗಾಡಿಯ ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದರು.

“ಇದು ಎಂಜಿನ್ನು. ಇದು ಬಾಲದಲ್ಲಿರೋ ಗಾರ್ಡ್ ಡಬ್ಬಿ. ಗಾಡಿ ಹಿಡಿಸ್ತು ಅಂತ ಯಾವಾಗ ಅಂತೀವಿ? ಬಾಲ ಒಳಗೆ ಬಂದಿರಬೇಕು, ತಲೆ ಇನ್ನೂ ಹೊರಗೆ ಹೋಗಿರಬಾರದು. ಅಂದ್ರೆ ನನಗೆ ಎರಡು ಕಡೆಯಿಂದ ಸುದ್ದಿ ಬರಬೇಕು. ಬಾಲದ ಸುದ್ದಿ ಒಂದು, ತಲೆ ಸುದ್ದಿ ಒಂದು. ಎರಡೂ ಒಂದೇ ಹೊತ್ತಿಗೆ ಆಯ್ತು ಅಂತ ಹೇಳೋರು ಯಾರು? ಯಾವ ಗಡಿಯಾರ ನೋಡಿ?”

ಸೊಸೆ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ನಮ್ಮಲ್ಲಿ ಇದೇ ದಿನಾ ಜಗಳ” ಎಂದು ಮಾವ ಮುಂದುವರಿಸಿದರು. “ಗಾರ್ಡ್ ಒಂದು ಹೊತ್ತು ಬರೀತಿದ್ದ, ಡ್ರೈವರ್ ಒಂದು ಬರೀತಿದ್ದ. ಇಬ್ಬರೂ ಸುಳ್ಳರಲ್ಲ. ಅದಕ್ಕೇ ಕಂಟ್ರೋಲ್ ಆಫೀಸಿನ ಗಡಿಯಾರ ಒಂದನ್ನೇ ಎಲ್ಲರೂ ಒಪ್ಪಬೇಕು ಅಂತ ಇಟ್ಟಿದ್ರು. ನಿಮ್ಮ ಸಿದ್ಧಾಂತದಲ್ಲಿ ಆ ಕಂಟ್ರೋಲ್ ಗಡಿಯಾರ ಇದೆಯಾ?”

“ಇಲ್ಲ ಮಾವ. ಅದೇ ಅದರ ಮೂಲ.”

“ಹಾಗಾದ್ರೆ ಇಬ್ಬರೂ ಸರಿ. ಮಾಸ್ಟರ್ ಗಡಿಯಾರದಲ್ಲಿ ಎರಡೂ ಒಟ್ಟಿಗೆ. ಡ್ರೈವರ್ ಗಡಿಯಾರದಲ್ಲಿ ತಲೆ ಮೊದಲು ಆ ತುದಿ ಮುಟ್ಟಿದೆ, ಬಾಲ ಆಮೇಲೆ ಒಳಗೆ ಬಂದಿದೆ. ಅದಕ್ಕೇ ಅವನು ಹಿಡಿಸಲಿಲ್ಲ ಅಂತಿದಾನೆ.”

ಅವಳು ಲೆಕ್ಕ ಹಾಕಿದಳು. ಡ್ರೈವರನ ಗಡಿಯಾರದಲ್ಲಿ ಎರಡು ಘಟನೆಗಳ ನಡುವಿನ ಅಂತರ ಒಂದು ಮೈಕ್ರೊಸೆಕೆಂಡು, ಮೇಲೆ ಹತ್ತರಲ್ಲಿ ಆರು ಪಾಲು. ತಲೆ ಮೊದಲು, ಬಾಲ ಆಮೇಲೆ. ಮುದುಕರು ಒಂದು ಸೂತ್ರವನ್ನೂ ಬರೆಯದೆ ಉತ್ತರ ಹೇಳಿದ್ದರು. ಸಿಟ್ಟಿಟ್ಟುಕೊಂಡವರ ಮೇಲೆ ಅಭಿಮಾನ ಬಂದರೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದಳು.

ಅಲ್ಲಿಂದ ಮುಂದೆ ದಿನವೂ ಹನ್ನೊಂದಕ್ಕೆ ಮೇಜಿನ ಮುಂದೆ ಇಬ್ಬರೂ ಹಾಜರ್. ಮಾವ ಪರೀಕ್ಷಕರು, ಸೊಸೆ ಹಲಗೆಯ ಮುಂದೆ. ಹಲಗೆ ಎಂದರೆ ಪುಟ್ಟಿಯ ಆಟದ ಹಲಗೆ, ಮೂಲೆಯಲ್ಲಿ ಅಳಿಸಲಾಗದ ಒಂದು ಬಾತುಕೋಳಿ ಇತ್ತು. ಮಾವ “ಹೌದಾ?” ಅನ್ನುವುದನ್ನೂ ಕಲಿತರು. ಕಲಿತದ್ದು ಅತಿಯಾಗಿ, ಅತ್ತೆ “ಊಟಕ್ಕೆ ಏಳಿ” ಅಂದರೂ “ಹೌದಾ?” ಅನ್ನತೊಡಗಿದರು. ಸೊಸೆ ಮೊದಲ ವಾರ ಅಲ್ಲೂ ತೊದಲಿದಳು.

“ನಿನಗೆ ಲೆಕ್ಕ ಬರುತ್ತೆ, ಮಾತಾಡೋ ಕ್ರಮ ಬರಲ್ಲ” ಎಂದರು ಮಾವ. “ಕೇಳಿಲ್ಲಿ. ಕಂಟ್ರೋಲ್ ಫೋನಲ್ಲಿ ನಾನು ಏನಾದ್ರೂ ಹೇಳಿದ್ರೆ ಸ್ಟೇಷನ್ ಮಾಸ್ಟರ್ ‘ಸರಿ ಸಾರ್’ ಅನ್ನೋ ಹಾಗಿಲ್ಲ. ನಾನು ಹೇಳಿದ್ದನ್ನ ಅಕ್ಷರ ಬಿಡದೆ ತಿರುಗಿ ಹೇಳಬೇಕು. ತಿರುಗಿ ಹೇಳೋ ತನಕ ಆ ಮಾತಿಗೆ ಬೆಲೆ ಇಲ್ಲ. ನೀನೂ ಹಾಗೇ ಮಾಡು. ಅವರು ಕೇಳಿದ್ದನ್ನ ತಿರುಗಿ ಹೇಳು. ಅಷ್ಟರಲ್ಲಿ ಎದೆ ಹೊಡ್ಕೊಳ್ಳೋದು ನಿಲ್ಲುತ್ತೆ. ಆಮೇಲೆ ಯಾರ ಗಡಿಯಾರ ಅಂತ ಕೇಳು. ಆಮೇಲೆ ಉತ್ತರ.”

ಇದು ಕೆಲಸ ಮಾಡಿತು. ಪ್ರಶ್ನೆಯನ್ನು ತನ್ನ ಬಾಯಲ್ಲೇ ಹೇಳಿದಾಗ ಅದು ತನ್ನದೇ ಪ್ರಶ್ನೆಯಾಗುತ್ತಿತ್ತು. ಅತ್ತೆ ಮಾತ್ರ, “ಅಂಗಡಿಯಿಂದ ಸೋಪು ತಾ ಅಂದ್ರೆ ‘ಅಂಗಡಿಯಿಂದ ಸೋಪು ತಾ’ ಅಂತಾಳೆ, ಈ ಮನೇಲಿ ನಾನೊಬ್ಬಳೇ ನೆಟ್ಟಗಿರೋದು” ಎಂದು ಪಕ್ಕದ ಮನೆಯವರಿಗೆ ಹೇಳಿಕೊಂಡು ನಕ್ಕರು.

ಕ್ವಾಂಟಮ್ ಮಾತ್ರ ಮಾವನಿಗೆ ಗಂಟಲಲ್ಲಿ ಇಳಿಯಲಿಲ್ಲ. ಮೊದಮೊದಲು ಉತ್ಸಾಹವೇ. ಎರಡು ಅಳತೆಗಳ ನಡುವೆ ಎಲೆಕ್ಟ್ರಾನ್ ಎಲ್ಲಿದೆ ಎಂದು ಹೇಳಲಾಗದು ಎಂದಾಗ, “ಇದರಲ್ಲೇನಿದೆ? ಎರಡು ಸ್ಟೇಷನ್ನಿನ ನಡುವೆ ಗಾಡಿ ಎಲ್ಲಿದೆ ಅಂತ ನನಗೂ ಗೊತ್ತಿರ್ತಿರಲಿಲ್ಲ. ಪೆನ್ಸಿಲ್ ಗೆರೆ ಅಷ್ಟೇ” ಎಂದರು.

“ನಿಮಗೆ ಗೊತ್ತಿಲ್ಲದಿದ್ರೂ ಗಾಡಿ ಎಲ್ಲೋ ಒಂದು ಕಡೆ ಇತ್ತಲ್ಲ ಮಾವ. ಎಲೆಕ್ಟ್ರಾನ್ ಹಾಗಲ್ಲ. ಕೇಳೋ ತನಕ ಇಂಥ ಕಡೆ ಇತ್ತು ಅಂತ ಹೇಳೋದೇ ತಪ್ಪು.”

“ಎಲ್ಲೋ ಒಂದು ಕಡೆ ಇರಲೇಬೇಕಲ್ಲಮ್ಮ.”

“ಇರಬೇಕಾಗಿಲ್ಲ.”

ಮಾವ ಪೆನ್ಸಿಲ್ ಕೆಳಗಿಟ್ಟರು. “ಇಷ್ಟು ದಿನ ನಿನ್ನ ಜೊತೆ ಬಂದೆ. ಇದಕ್ಕೆ ಮಾತ್ರ ನಾನು ಬರಲ್ಲ. ಗಾಡಿ ಕಳೆದುಹೋಗೋ ಸೆಕ್ಷನ್ನಲ್ಲಿ ನಾನು ಕೆಲಸ ಮಾಡಿಲ್ಲ.” ಆ ದಿನದಿಂದ ಕ್ವಾಂಟಮ್ ಲೆಕ್ಕ ಬಂದಾಗ ಅವರು ಪೇಪರು ಓದುವ ನೆಪ ಮಾಡುತ್ತ, ಪೇಪರಿನ ಮೇಲಿಂದ ಕೇಳಿಸಿಕೊಳ್ಳುತ್ತಿದ್ದರು.

ಹದಿನೆಂಟರ ಹಿಂದಿನ ಸಂಜೆ ಮಾವ ಮನೆಯವರನ್ನೆಲ್ಲ ಕೂರಿಸಿ ಹುಕುಂ ಹೊರಡಿಸಿದರು. ನಾಳೆ ಇವಳಿಗೆ ಯಾರೂ ಫೋನು ಮಾಡತಕ್ಕದ್ದಲ್ಲ. ಇವಳೂ ಮಾಡತಕ್ಕದ್ದಲ್ಲ. ಮಗನಿಗೆ, “ನೀನು ತಿರುಗಿ ಹೇಳು” ಎಂದರು. ಅವನು ನಗುತ್ತ ಹೇಳಿದ. ಪುಟ್ಟಿಯೂ ಹೇಳಿದಳು. ಸೊಸೆಗೆ ಒಂದು ಕ್ಷಣ, ಹೋದ ವರ್ಷವೂ ಹೀಗೇ ಹೇಳಬಹುದಿತ್ತಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

ಮರುದಿನ ಹಲಗೆಯ ಮುಂದೆ ನಿಂತಾಗ ‘ಹೌದಾ’ ಮೇಷ್ಟ್ರ ಪಕ್ಕದಲ್ಲಿ ಬೇರೆ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕಿಯೊಬ್ಬರಿದ್ದರು. ಬಿಳಿ ಕೂದಲು, ಕಾಲಿಗೆ ಬಟ್ಟೆಯ ಬೂಟು. ಮೇಷ್ಟ್ರು ಹಳೆಯ ಲೆಕ್ಕವನ್ನೇ ಎತ್ತಿದರು. ಮನುಷ್ಯನಿಗೆ ಹಗೆಯಿತ್ತೋ ಸೋಮಾರಿತನವೋ ದೇವರೇ ಬಲ್ಲ.

“ಎಂಟುನೂರು ಮೀಟರ್ ಗಾಡಿ, ಆರುನೂರ ನಲವತ್ತು ಮೀಟರ್ ಲೂಪು, ವೇಗ ಬೆಳಕಿನದರ ಹತ್ತರಲ್ಲಿ ಆರು ಪಾಲು. ಗಾಡಿ ಹಿಡಿಸುತ್ತೋ ಇಲ್ಲವೋ?”

ಅವಳು ಬಾಯಿ ತೆರೆದು ಪ್ರಶ್ನೆಯನ್ನು ಅಕ್ಷರ ಬಿಡದೆ ತಿರುಗಿ ಹೇಳಿದಳು. ಮೇಷ್ಟ್ರು ಹುಬ್ಬೇರಿಸಿದರು. ಹೇಳಿ ಮುಗಿಸುವಷ್ಟರಲ್ಲಿ ಕೈ ತಾನಾಗಿಯೇ ಗೆರೆ ಎಳೆಯತೊಡಗಿತ್ತು.

“ಕಾಲ ಅಡ್ಡಕ್ಕೆ ಬರೆದಿದೀರಿ. ಹೌದಾ?” ಎಂದರು ಮೇಷ್ಟ್ರು.

ಅವಳು ಹಲಗೆಯನ್ನು ನೋಡಿ ನಾಲಿಗೆ ಕಚ್ಚಿಕೊಂಡಳು. ಒಂದು ತಿಂಗಳ ರೂಢಿ. ಅಳಿಸಲು ಡಸ್ಟರಿಗೆ ಕೈ ಹಾಕಿದಳು. ಹಾಕಿದ ಕೈ ಹಿಂದಕ್ಕೆ ತೆಗೆದಳು. “ಕಾಲ ಅಡ್ಡಕ್ಕೆ, ದೂರ ಮೇಲಕ್ಕೆ ಸಾರ್. ಹೀಗೆ ಬರೆದ್ರೆ ಕಡಿದಾದ ಗೆರೆ ಅಂದ್ರೆ ವೇಗ ಜಾಸ್ತಿ. ಬೆಳಕಿನ ಗೆರೆ ಹೇಗೂ ನಲವತ್ತೈದು ಡಿಗ್ರಿಗೇ ಬರುತ್ತೆ. ತಪ್ಪಾಗಲ್ಲ.”

ಪರೀಕ್ಷಕಿ ಮುಂದಕ್ಕೆ ಬಾಗಿದರು. “ಮುಂದುವರಿಸಿ.”

ಆಗಲೇ ಬಾಗಿಲು ಕಿರ್ರೆಂದಿತು. ಅದೇ ಜವಾನ. ಅವಳ ಕೈಯಿಂದ ಚಾಕ್‌ಪೀಸು ಜಾರಿ ಎರಡು ತುಂಡಾಯಿತು. ಪುಟ್ಟಿಗೇನಾಯಿತು, ಅತ್ತೆ ಬಿದ್ದರಾ, ಮಾವನಿಗೇ ಏನಾದರೂ ಆಯಿತಾ. ಇಷ್ಟೆಲ್ಲ ಒಂದು ಉಸಿರಿನಲ್ಲಿ ತಲೆಯೊಳಗೆ ಹಾದುಹೋಯಿತು.

“ಫ್ಯಾನು ಜೋರು ಮಾಡ್ಲಾ ಸಾರ್?” ಎಂದ ಜವಾನ.

“ಬೇಡ, ಹೋಗು,” ಎಂದರು ಮೇಷ್ಟ್ರು. ಅವಳು ಬಗ್ಗಿ ಚಾಕ್‌ಪೀಸಿನ ದೊಡ್ಡ ತುಂಡನ್ನು ಎತ್ತಿಕೊಂಡಳು. ಮನೆಯವರೆಲ್ಲ ತಿರುಗಿ ಹೇಳಿದ್ದು ನೆನಪಾಯಿತು. ಉಸಿರು ಹದಕ್ಕೆ ಬಂತು.

“ಗಾಡಿ ಹಿಡಿಸಿತೋ ಇಲ್ಲವೋ?” ಎಂದರು ಮೇಷ್ಟ್ರು ಮತ್ತೊಮ್ಮೆ.

“ಯಾರ ಗಡಿಯಾರದ ಪ್ರಕಾರ ಸಾರ್?” ಎಂದಳು ಸೊಸೆ. ಉತ್ತರಕ್ಕೆ ಕಾಯದೆ ತಲೆಯ ಸುದ್ದಿ, ಬಾಲದ ಸುದ್ದಿ ಎರಡನ್ನೂ ಗೆರೆಯ ಮೇಲೆ ಗುರುತಿಸಿ, ಡ್ರೈವರನ ಗಡಿಯಾರಕ್ಕೆ ಒಂದು ಮೈಕ್ರೊಸೆಕೆಂಡು ಮೇಲೆ ಹತ್ತರಲ್ಲಿ ಆರು ಪಾಲು ಎಂದು ಬರೆದಳು. “ಇಬ್ಬರೂ ಸರಿ. ಒಂದೇ ಹೊತ್ತು ಅನ್ನೋದರಲ್ಲಿ ಮಾತ್ರ ಇಬ್ಬರಿಗೂ ಹೊಂದಲ್ಲ.”

ಕ್ವಾಂಟಮ್ ಲೆಕ್ಕ ಪರೀಕ್ಷಕಿಯದು. ಪೆಟ್ಟಿಗೆಯೊಳಗಿನ ಕಣ, ಮೊದಲ ಎರಡು ಮಟ್ಟಗಳು ಸಮಸಮ ಬೆರೆತ ಸ್ಥಿತಿ, ಶಕ್ತಿಯ ಸರಾಸರಿ ಎಷ್ಟು? ಎರಡನೇ ಮಟ್ಟ ಮೊದಲನೆಯದರ ನಾಲ್ಕು ಪಟ್ಟು, ಆದ್ದರಿಂದ ಸರಾಸರಿ ಎರಡೂವರೆ ಪಟ್ಟು.

“ಹಾಗಾದ್ರೆ ಒಂದು ಸಲ ಅಳೆದ್ರೆ ಎರಡೂವರೆ ಸಿಗುತ್ತೆ?”

“ಒಂದು ಸಲ ಅಳೆದ್ರೆ ಎರಡೂವರೆ ಸಿಗುತ್ತಾ ಅಂತ ಕೇಳ್ತಿದೀರಿ. ಯಾವತ್ತೂ ಸಿಗಲ್ಲ ಮೇಡಂ. ಒಂದು ಸಿಗಬಹುದು, ಇಲ್ಲ ನಾಲ್ಕು ಸಿಗಬಹುದು.”

“ನಾಲ್ಕು ಸಿಕ್ತು ಅಂತಿಟ್ಕೊಳ್ಳಿ. ಅಳೆಯೋಕೆ ಮುಂಚೆ ಅದರಲ್ಲಿ ಎಷ್ಟಿತ್ತು?”

ಪೇಪರಿನ ಮೇಲಿಂದ ಕೇಳಿಸಿಕೊಳ್ಳುತ್ತಿದ್ದ ಎರಡು ಕಣ್ಣು ಅವಳಿಗೆ ನೆನಪಾದವು. “ಕೇಳಿದ ಮೇಲೆ ಬಂದ ಉತ್ತರವನ್ನ ಕೇಳೋಕೆ ಮುಂಚೇನೇ ಇತ್ತು ಅಂತ ಬರೆಯೋ ಅಧಿಕಾರ ನಮಗಿಲ್ಲ ಮೇಡಂ. ಅಲ್ಲಿ ಇರೋದು ಪೆನ್ಸಿಲ್ ಗೆರೆ. ಶಾಯಿ ಆಗೋದು ಅಳೆದಾಗ ಮಾತ್ರ. ಅದೂ ಸಾಮಾನ್ಯ ಪೆನ್ಸಿಲ್ ಅಲ್ಲ, ಅದರ ಕೆಳಗೆ ಗಾಡೀನೇ ಇಲ್ಲ.”

ಪರೀಕ್ಷಕಿ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಕನ್ನಡಕದ ಮೇಲಿಂದ ಹಲಗೆಯನ್ನು ಬಹಳ ಹೊತ್ತು ನೋಡಿ, “ಹೌದು” ಎಂದರು.

ಫಲಿತಾಂಶವನ್ನು ಮೂರು ನಲವತ್ತಕ್ಕೆ ನೋಟೀಸ್ ಬೋರ್ಡಿಗೆ ಹಚ್ಚಿದರು. ತನ್ನ ನಂಬರಿನ ಮುಂದೆ ‘ತೇರ್ಗಡೆ’ ಎಂದಿರುವುದನ್ನು ಅವಳು ಮೂರು ಸಲ ಓದಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಒಬ್ಬಳೇ ನಕ್ಕಳು. ಪಕ್ಕದ ಸೀಟಿನ ಹೆಂಗಸು ಚೂರು ಆಚೆ ಸರಿದು ಕೂತಳು.

ಮನೆ ಬಾಗಿಲು ತೆರೆದರೆ ನಡುಮನೆಯಲ್ಲಿ ಪಾದ ಮುಳುಗುವಷ್ಟು ನೀರು. ಪುಟ್ಟಿ ಮೇಜಿನ ಮೇಲೆ ಕೂತು ಕಾಗದದ ದೋಣಿ ಬಿಡುತ್ತಿದ್ದಳು. ಗಂಡ ಪ್ಯಾಂಟು ಮಡಚಿಕೊಂಡು ಬಕೆಟ್ಟಿನಲ್ಲಿ ನೀರು ತುಂಬುತ್ತಿದ್ದ. ಅತ್ತೆ ಒದ್ದೆ ಬಟ್ಟೆ ಹಿಂಡುತ್ತ ಅವಳನ್ನು ನೋಡಿದ್ದೇ ತಡ, ಶುರು ಮಾಡಿದರು.

“ಹತ್ತು ಗಂಟೆಗೆ ಅಡುಗೆಮನೆ ಪೈಪು ಒಡೀತು. ಹನ್ನೊಂದಕ್ಕೆ ಶಾಲೆಯವರು ಇವಳಿಗೆ ಹೊಟ್ಟೆನೋವು ಅಂತ ಕಳಿಸಿದ್ರು. ಏನೂ ಇಲ್ಲ, ಗಣಿತದ ಟೆಸ್ಟು. ನಿನಗೊಂದು ಫೋನ್ ಮಾಡಿ ಅಂತ ಬಡ್ಕೊಂಡೆ. ನಿಮ್ಮ ಮಾವ ಫೋನನ್ನ ತೊಡೆ ಕೆಳಗೆ ಇಟ್ಕೊಂಡು ಕೂತ್ರು, ಕಾವು ಕೂತ ಕೋಳಿ ಹಾಗೆ. ಮಗನ್ನ ಆಫೀಸಿಂದ ಕರೆಸಿದ್ರು. ಅವನು ಮೀಟಿಂಗು ಅಂದ್ರೆ ‘ನೀನು ಇವತ್ತು ಲೂಪಲ್ಲಿ’ ಅಂದ್ರು. ಅದಿರಲಿ, ಏನಾಯ್ತು?”

“ಪಾಸಾಯ್ತು ಅತ್ತೆ.”

ಅತ್ತೆ ಒದ್ದೆ ಕೈಯಲ್ಲೇ ಅವಳ ಕೆನ್ನೆ ಹಿಡಿದುಕೊಂಡರು. ಗಂಡ ಬಕೆಟ್ಟನ್ನು ನೀರಿನಲ್ಲೇ ಬಿಟ್ಟು ಬಂದ. ಮಾವ ಮಾತ್ರ ಎದ್ದು ಬರಲಿಲ್ಲ. ಅವರು ತಮ್ಮ ಕೋಣೆಯ ಮಂಚದ ಮೇಲೆ ಕಾಲು ಎತ್ತಿಕೊಂಡು ಕೂತು, “ಬಾಮ್ಮ ಇಲ್ಲಿ” ಎಂದು ಕರೆದರು.

ಮಂಚದ ತುಂಬ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಬೆನ್ನು ಮೇಲೆ ಮಾಡಿ ಅಂಟಿಸಿದ್ದ ಒಂದು ಚಾರ್ಟು. ಎಡಗಡೆ ಸ್ಟೇಷನ್ನುಗಳು: ಮೊದಲ ವರ್ಷ, ಎರಡನೇ ವರ್ಷ, ಬರವಣಿಗೆ ಪರೀಕ್ಷೆ, ಹಲಗೆ ಪರೀಕ್ಷೆ, ಡಿಗ್ರಿ. ಅಡ್ಡಕ್ಕೆ ಹನ್ನೊಂದು ವರ್ಷ. ಅವಳ ಗೆರೆ ಶುರುವಿಗೆ ಎಕ್ಸ್‌ಪ್ರೆಸ್ಸಿನ ಹಾಗೆ ಕಡಿದಾಗಿತ್ತು, ಆಮೇಲೆ ಮಲಗಿತ್ತು, ಚೂರು ಎದ್ದು ಮತ್ತೆ ಮಲಗಿತ್ತು. ಮಲಗಿದಲ್ಲೆಲ್ಲ ಕೆಂಪು ಶಾಯಿಯ ಸಣ್ಣ ಅಕ್ಷರ. ಮದುವೆ. ಮಗನ ವರ್ಗ. ಹೆರಿಗೆ. ಅತ್ತೆ ಮಂಡಿ. ಹೆದರಿಕೆ.

“ಗೂಡ್ಸ್ ಗಾಡೀನ ಎಷ್ಟು ಹೊತ್ತು ಲೂಪಲ್ಲಿ ಹಾಕಿದ್ರೂ ಯಾರೂ ಕೇಳಲ್ಲಮ್ಮ” ಎಂದರು ಮಾವ, ಅವಳ ಮುಖ ನೋಡದೆ. “ಒಳಗೆ ಪ್ಯಾಸೆಂಜರ್ ಇರಲ್ಲ, ದೂರು ಬರಲ್ಲ. ಈ ಮನೇಲಿ ಎಲ್ಲರೂ ಎಕ್ಸ್‌ಪ್ರೆಸ್ಸು. ದಾರಿ ಬಿಟ್ಟೋಳು ನೀನೊಬ್ಬಳೇ.”

ಅವಳ ಕಣ್ಣು ಹೋದ ವರ್ಷಕ್ಕೆ ಹೋಗಿ ನಿಂತಿತು. ಅಲ್ಲಿ ಗೆರೆ ಹಲಗೆ ಪರೀಕ್ಷೆಯ ಅಂಚಿನವರೆಗೂ ಬಂದು, ಮುಟ್ಟದೆ ಮಲಗಿತ್ತು. ಅದರ ಪಕ್ಕದಲ್ಲಿ, ಬೇರೆಯವಕ್ಕಿಂತ ದೊಡ್ಡದಾಗಿ ಬರೆದಿತ್ತು: ಕಂಟ್ರೋಲ್ ತಪ್ಪು.

ಸೊಸೆಗೆ ಅಳು ಬಂತು. ಒಂದು ವರ್ಷದಿಂದ ಒಳಗೆ ಉರಿಯುತ್ತಿದ್ದದ್ದು ಆರಿತು. “ಅದನ್ನ ಹೊಡೆದುಹಾಕಿ ಮಾವ. ಮಗು ಬಿದ್ದಿತ್ತು, ನೀವಾದ್ರೂ ಏನು ಮಾಡ್ತಿದ್ರಿ.”

“ಶಾಯಿಯಲ್ಲಿ ಬರೆದದ್ದನ್ನ ಹೊಡೆಯೋ ಹಾಗಿಲ್ಲ” ಎಂದರು ಮಾವ. “ಅದು ನಿಯಮ.”

ಕೊನೆಯ ಸ್ಟೇಷನ್ನಿಗೆ ಹೋಗುವ ಗೆರೆ ಇನ್ನೂ ಪೆನ್ಸಿಲಿನಲ್ಲಿತ್ತು. ಮಾವ ಪೆನ್ನಿನ ಮುಚ್ಚಳ ತೆಗೆದು, ಕನ್ನಡಕ ಸರಿಮಾಡಿಕೊಂಡು, ಮೂವತ್ತನಾಲ್ಕು ವರ್ಷ ಕೇಳಿದ ದನಿಯಲ್ಲಿ ಕೇಳಿದರು. “ಎಷ್ಟಕ್ಕೆ ಮುಟ್ಟಿದೆ?”

“ಮೂರು ನಲವತ್ತು.”

“ಮೂರು ನಲವತ್ತು” ಎಂದು ಮಾವ ತಿರುಗಿ ಹೇಳಿ, ಶಾಯಿಯ ಗೆರೆ ಎಳೆದರು.